ಪಾಸ್ಕದ ಮೊದಲ ಮೊಟ್ಟೆ

ನಮ್ಮ ಮನೆಯಲ್ಲಿ ತಪಸ್ಸಿನ ಕಾಲದಲ್ಲಿ ಮೊಟ್ಟೆ ಒಡೆಯುತ್ತಿರಲಿಲ್ಲ. ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದದ್ದೇ ತಡ, ಅಜ್ಜಿ ಮಾಂಸ ಬೇಯಿಸುವ ಮಡಕೆಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿ, ಇನ್ನು ಇದು ಇಳಿಯುವುದು ಪಾಸ್ಕ ಹಬ್ಬಕ್ಕೇ ಎಂದುಬಿಡುತ್ತಿದ್ದಳು. ಪಾಸ್ಕ ಎಂದರೆ ಈಸ್ಟರ್. ನಮ್ಮ ಹಳಬರ ಬಾಯಲ್ಲಿ ಇವತ್ತಿಗೂ ಅದು ಪಾಸ್ಕವೇ. ಅದಕ್ಕೆ ಮುಂಚಿನ ಆರೇಳು ವಾರ ಉಪವಾಸ, ಶಿಲುಬೆಹಾದಿ, ಜಪಸರ. ಆ ದಿನಗಳಲ್ಲಿ ಶುಕ್ರವಾರ ಮಾಂಸ ಬಿಡುವವರು ನಮ್ಮ ಚರ್ಚಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ, ಮಾಂಸ-ಮೀನು ಬಿಟ್ಟದ್ದು ಸಾಲದೆಂದು ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದೊಂದೇ. ಹಾಸನದ ಕಡೆಯ ತನ್ನ ತವರಿನಲ್ಲಿ ಹಿಂದಿನವರು ಹಾಗೆ ಮಾಡುತ್ತಿದ್ದರಂತೆ, ಆದ್ದರಿಂದ ನಾವೂ ಮಾಡಬೇಕು. ಫಾದರ್ ಒಮ್ಮೆ, 'ಈಗ ಅಷ್ಟೆಲ್ಲ ಬೇಡ ಅಜ್ಜಿ, ಧರ್ಮಸಭೆಯೇ ಬಿಟ್ಟಿದೆ' ಎಂದಿದ್ದಕ್ಕೆ, 'ಸಭೆ ಬಿಟ್ಟಿರಬಹುದು ಫಾದರ್, ನಾನು ಬಿಟ್ಟಿಲ್ಲ' ಎಂದು ಹೇಳಿ ಬಂದಿದ್ದಳು. ಹಟಮಾರಿ ಮುದುಕಿ. ಅವಳ ಮೂಗೂ ಹಟವೂ ಎರಡೂ ನನಗೆ ಬಂದಿವೆ ಎಂದು ನನ್ನನ್ನು ಕಟ್ಟಿಕೊಂಡವರು ಆಗಾಗ ಹೇಳುತ್ತಿರುತ್ತಾರೆ.

ಅಪ್ಪ ಬಾಳೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ, ಗೊಬ್ಬರ-ಔಷಧಿ ನೋಡಿಕೊಂಡು, ಮೇಲೆ ಸಾಹುಕಾರರಿಂದ ಕೆಳಗೆ ಮೇಸ್ತ್ರಿಗಳಿಂದ ಬೈಸಿಕೊಳ್ಳುವ ಕೆಲಸ. ಅಪ್ಪನಿಗೆ ಅದು ಹೇಳಿ ಮಾಡಿಸಿದಂತಿತ್ತು. ಅವರು ಯಾರಿಗಾದರೂ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ನಮಗೆ ಕೊಟ್ಟಿದ್ದ ಕ್ವಾರ್ಟರ್ಸ್ ಕಾಫಿ ಒಣಗಿಸುವ ಕಣದ ಮೇಲುಗಡೆ ಇತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಕೆಂಪು ಕಾವಿಯ ನೆಲ. ಮುಂದಿನ ಕೋಣೆಯ ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಪುಟ್ಟದೊಂದು ಕೆಂಪು ಬಲ್ಬು. ಕರೆಂಟು ಇದ್ದಾಗ ಅದು ಉರಿಯುತ್ತಿತ್ತು, ಇಲ್ಲದಾಗ ಅಜ್ಜಿ ಎಣ್ಣೆದೀಪ ಇಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅಜ್ಜಿ ಮತ್ತು ನಾನು ಮಲಗುತ್ತಿದ್ದೆವು. ಅಡಿಗೆಮನೆಗೆ ಕಿಟಕಿ ಒಂದೇ. ಅದರಲ್ಲಿ ನೋಡಿದರೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಕೋಳಿಗೂಡು, ಅದರಾಚೆ ತೋಟ. ಮನೆ ಎಸ್ಟೇಟಿನದು, ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಅಪ್ಪ ಹಿಂದೆ ಮುಂದೆ ನೋಡುತ್ತಿದ್ದರು. ಆದರೆ ಕೋಳಿಗಳು ನಮ್ಮವು. ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯಲ್ಲಿದ್ದ ಗಿರಿಜಕ್ಕ, ತೋಟದ ಕೆಲಸಕ್ಕೆ ಬರುವವಳು, ಅಮ್ಮನಿಗಿದ್ದ ಒಬ್ಬಳೇ ಗೆಳತಿ, ಮೊದಲ ಹೇಂಟೆಯನ್ನು ಸೀರೆಯ ಸೆರಗಿನಲ್ಲಿ ಸುತ್ತಿ ತಂದುಕೊಟ್ಟವಳು ಅವಳೇ. ನಾನು ಬುದ್ಧಿ ಬಲಿತು ನೋಡುವಷ್ಟರಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಹಿತ್ತಲು ತುಂಬ ಕೆದಕಿಕೊಂಡು ಓಡಾಡುತ್ತಿದ್ದವು.

ಮನುಷ್ಯರು ಉಪವಾಸ ಮಾಡಿದರೆ ಕೋಳಿಗೇನು? ಅವು ತಮ್ಮ ಪಾಡಿಗೆ ತಾವು ಇಡುತ್ತಲೇ ಇದ್ದವು. ತಿನ್ನುವ ಹಾಗಿಲ್ಲ, ಮಾರಿದರೆ ತಿಂದಷ್ಟೇ ಪಾಪ ಎಂದು ಅಜ್ಜಿಯ ಕಾನೂನು. ಹಾಗಾಗಿ ಅಮ್ಮ ದಿನಾ ಬೆಳಿಗ್ಗೆ ಗೂಡಿಗೆ ಕೈಹಾಕಿ ಮೊಟ್ಟೆ ತೆಗೆದು, ಒರೆಸಿ, ಭತ್ತದ ಹೊಟ್ಟು ತುಂಬಿದ ಬುಟ್ಟಿಯೊಳಗೆ ಒಂದಕ್ಕೊಂದು ತಾಗದಂತೆ ಹೂತಿಡುತ್ತಿದ್ದಳು. ಒಂದಿಷ್ಟನ್ನು ಕಾವಿಗೆ ಕೂತ ಕೋಳಿಯ ಅಡಿಗೆ ಇಡುವುದು. ವಾರ ಕಳೆದ ಮೇಲೆ ಅಮ್ಮ ಅವನ್ನು ಒಂದೊಂದಾಗಿ ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಳಗೆ ಕೆಂಪು ಎಳೆ ಹರಡಿದ್ದರೆ ಮರಿಯಾಗುತ್ತದೆ, ಬರೀ ತಿಳಿಯಾಗಿದ್ದರೆ ಇಲ್ಲ. ಅಮ್ಮ ನೋಡಿ ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ನನಗೂ ತೋರಿಸುತ್ತಿದ್ದಳು, 'ನೋಡು, ಹೆಂಗೆ ಹೊಡ್ಕಂತಾ ಇದೆ ನೋಡು' ಎಂದು. ಅವಳ ಬೆರಳುಗಳ ನಡುವೆ ಆ ಕೆಂಪು ಚುಕ್ಕೆ ಮಿಡಿಯುವುದನ್ನು ಕಂಡು ನನಗೆ ಮೈ ಜುಂ ಎನ್ನುತ್ತಿತ್ತು.

ಪಾಸ್ಕಕ್ಕೂ ಮೊಟ್ಟೆಗೂ ಏನು ಸಂಬಂಧ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಬೇಕರಿಯವನು ಸಕ್ಕರೆ ಅಚ್ಚಿನ ಮೊಟ್ಟೆಗೆ ಬಣ್ಣದ ಕಾಗದ ಸುತ್ತಿ ಇಟ್ಟಿರುತ್ತಾನೆ, ಇವರು ಕೊಂಡು ತಿನ್ನುತ್ತಾರೆ, ಆಮೇಲೆ ಯಾಕೆ ಎಂದು ನನ್ನನ್ನು ಕೇಳುತ್ತಾರೆ. ನಾನೂ ಕೇಳಿದ್ದೆ. ಧರ್ಮೋಪದೇಶದ ಕ್ಲಾಸಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ದೊಡ್ಡದೊಂದು ಮೊಟ್ಟೆ ಬರೆದು, ಇದು ಯೇಸುವಿನ ಸಮಾಧಿ, ಚಿಪ್ಪು ಎಂದರೆ ಬಾಗಿಲಿಗೆ ಮುಚ್ಚಿದ ಕಲ್ಲು, ಹೊರಗಿಂದ ನೋಡಿದರೆ ಸತ್ತಂತಿದೆ, ಒಳಗೆ ಜೀವ ಇದೆ, ಅದು ತಾನಾಗಿಯೇ ಒಡೆದುಕೊಂಡು ಬರುತ್ತದೆ ಎಂದು ಹೇಳಿಕೊಟ್ಟರು. 'ಹೊರಗಿಂದ ನಾವು ಒಡೆದರೆ ಸಿಸ್ಟರ್?' ಎಂದು ಕೇಳಿ ಬೆಂಚಿನ ಮೇಲೆ ನಿಂತವಳು ನಾನು. ಅಜ್ಜಿಯ ಕಥೆ ಬೇರೆ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಒಂದು ಮೊಟ್ಟೆ ಹಿಡಿದುಕೊಂಡು ರೋಮಿನ ದೊರೆಯ ಮುಂದೆ ಹೋಗಿ, ಯೇಸು ಎದ್ದಿದ್ದಾನೆ ಅಂದಳಂತೆ. ಸತ್ತವನು ಏಳುವುದಾದರೆ ನಿನ್ನ ಕೈಯ ಮೊಟ್ಟೆಯೂ ಕೆಂಪಾದೀತು ಎಂದು ದೊರೆ ನಕ್ಕನಂತೆ. ನಗು ಮುಗಿಯುವುದರೊಳಗೆ ಮೊಟ್ಟೆ ಕೆಂಪಾಯಿತಂತೆ. ಅಪ್ಪನನ್ನು ಕೇಳಿದರೆ ಕಥೆಯೂ ಇಲ್ಲ, ಬೋರ್ಡೂ ಇಲ್ಲ.

'ತಪಸ್ಸಲ್ಲಿ ತಿನ್ನಲ್ವಲ್ಲ ಪುಟ್ಟಿ, ಮಿಕ್ತವೆ. ಹಬ್ಬದ ದಿನ ಬುಟ್ಟಿ ತುಂಬ ಇರ್ತವೆ. ಅದ್ಕೆ ಹಂಚ್ತಾರೆ.'

ದೊಡ್ಡವಳಾದ ಮೇಲೆ ನಾನೂ ಅಲ್ಲಿ ಇಲ್ಲಿ ಓದಿದೆ. ಕ್ರೈಸ್ತರು ಬರುವ ಮುಂಚೆಯೇ ಎಷ್ಟೋ ದೇಶಗಳಲ್ಲಿ ಚಳಿ ಕಳೆದು ಚಿಗುರು ಬರುವ ಕಾಲಕ್ಕೆ ಮೊಟ್ಟೆಯನ್ನು ಹೊಸ ಹುಟ್ಟಿನ ಗುರುತಾಗಿ ಹಿಡಿಯುತ್ತಿದ್ದರಂತೆ. ಹಳೆಯ ಕಾಲದಲ್ಲಿ ಸಭೆಯೇ ತಪಸ್ಸಿನಲ್ಲಿ ಮೊಟ್ಟೆ ನಿಷೇಧಿಸಿತ್ತಂತೆ, ಹಬ್ಬಕ್ಕೆ ಅದಕ್ಕೇ ಅಷ್ಟು ಬೆಲೆ ಬಂತಂತೆ. ಅಂದರೆ ಅಪ್ಪ ಹೇಳಿದ್ದೇ ಸರಿ. ಪಾಪ, ಅವರು ಸರಿಯಾದದ್ದನ್ನು ಹೇಳಿದಾಗಲೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಪಾಸ್ಕದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬಣ್ಣ ಹಾಕುವುದು. ಅಂಗಡಿಯ ಬಣ್ಣ ಅಲ್ಲ. ಹೊಟ್ಟಿನಿಂದ ತೆಗೆದ ಮೊಟ್ಟೆಗಳನ್ನು ನೀರಿಗೆ ಬಿಟ್ಟು, ತೇಲಿದ್ದನ್ನು ಕಾಫಿ ಗಿಡದ ಬುಡಕ್ಕೆ ಎಸೆದು, ಮುಳುಗಿದ್ದನ್ನು ಅರಿಶಿನದ ನೀರಿನಲ್ಲಿ ಬೇಯಿಸುವುದು. ಆಗ ಅವು ಹಳದಿಯಾಗುತ್ತವೆ. ಆಮೇಲೆ ಒಂದೊಂದನ್ನೇ ಸುಣ್ಣದ ತಿಳಿಯಲ್ಲಿ ಅದ್ದಿದರೆ, ನೋಡನೋಡುತ್ತಿದ್ದಂತೆ ರಕ್ತದ ಹಾಗೆ ಕೆಂಪು. 'ಓಕುಳಿ ನೀರು ಮಾಡ್ದಂಗೇ ಆಯ್ತಲ್ಲ ಅಜ್ಜಿ, ನಮ್ಮಲ್ಲಿ ಆರತಿಗೆ ಮಾಡಲ್ವಾ' ಎಂದು ಗಿರಿಜಕ್ಕ ನಗುತ್ತಿದ್ದಳು. ಅಜ್ಜಿಗೆ ನಗು ಬರುತ್ತಿರಲಿಲ್ಲ. 'ಇದು ಸ್ವಾಮಿ ರಕ್ತ' ಎಂದು ಶಿಲುಬೆ ಗುರುತು ಮಾಡಿಕೊಂಡು ಅದ್ದುತ್ತಿದ್ದಳು. ಹಾಗೆ ಅದ್ದುವಾಗ ಮೊದಲು ಕೆಂಪಾದ ಮೊಟ್ಟೆ ನಮ್ಮದಲ್ಲ. ಅದು ಮನೆಯಿಂದ ಹೋದವರ ಪಾಲು. ಮನೆಯಲ್ಲಿ ಸತ್ತವರು ಒಬ್ಬರಿದ್ದರೆ ಒಂದು, ಇಬ್ಬರಿದ್ದರೆ ಎರಡು. ಅವರಿಗೆ ತೆಗೆದಿಡುವ ತನಕ ಬದುಕಿದವರು ಕೈಹಾಕುವ ಹಾಗಿಲ್ಲ. ನಮ್ಮಲ್ಲಿ ಹೋದವರೆಂದರೆ ತಾತ ಒಬ್ಬರೇ. ಭಾನುವಾರ ಪೂಜೆ ಮುಗಿದ ಮೇಲೆ ಅಜ್ಜಿ ಚರ್ಚಿನ ಹಿಂದಿನ ಸಮಾಧಿಗಳ ನಡುವೆ ನಡೆದುಹೋಗಿ, ತಾತನ ಶಿಲುಬೆಯ ಬುಡದಲ್ಲಿ ಆ ಕೆಂಪು ಮೊಟ್ಟೆಯನ್ನಿಟ್ಟು, 'ತಪಸ್ಸು ಮುಗೀತು ಕಣ್ರೀ' ಎಂದು ಹೇಳಿ ಬರುತ್ತಿದ್ದಳು. ನಾವು ಬೆನ್ನು ತಿರುಗಿಸಿದ ಕೂಡಲೇ ಕಾಗೆ ಇಳಿಯುತ್ತಿತ್ತು. ಆ ಮೇಲೆಯೇ ನಮಗೆಲ್ಲ ಮೊಟ್ಟೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಮ್ಮ ಬಸುರಿಯಾದಳು. ನನಗೆ ತಮ್ಮ ಬರುತ್ತಾನೆ ಎಂದು ನಾನೇ ತೀರ್ಮಾನ ಮಾಡಿ ಶಾಲೆಯಲ್ಲೆಲ್ಲ ಸಾರಿದ್ದೆ. ಮಳೆಗಾಲದಲ್ಲಿ, ದಿನ ತುಂಬುವುದಕ್ಕೆ ಇನ್ನೂ ಸ್ವಲ್ಪ ಇರುವಾಗ, ಒಂದು ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಹೊಟ್ಟೆ ಹಿಡಿದು ಕೂತುಬಿಟ್ಟಳು. ಎಸ್ಟೇಟಿನ ಜೀಪಿನಲ್ಲಿ ಮೂಡಿಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಗಿರಿಜಕ್ಕನ ಮನೆಯಲ್ಲಿ ಉಳಿದೆ. ಮಗು ಹುಟ್ಟುವಾಗಲೇ ಉಸಿರಿರಲಿಲ್ಲವಂತೆ. ಗಂಡು. ಅಮ್ಮನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅವಳಿಗೆ ಎಚ್ಚರವಾಗುವ ಹೊತ್ತಿಗೆ ಅಪ್ಪ ಬಿಳಿ ಟವೆಲಿನಲ್ಲಿ ಮಗುವನ್ನು ಸುತ್ತಿಕೊಂಡು ಅದೇ ಜೀಪಿನಲ್ಲಿ ವಾಪಸು ಬಂದಾಗಿತ್ತು. ಅಮ್ಮ ಅವನ ಮುಖ ನೋಡಲಿಲ್ಲ. ದೀಕ್ಷಾಸ್ನಾನ ಆಗದ ಮಗುವನ್ನು ಚರ್ಚಿನ ಮಣ್ಣಿಗೆ ಕೊಡುವುದಿಲ್ಲ, ನಮ್ಮೂರಲ್ಲಿ ಹಾಗೇ, ಎಂದು ಅಜ್ಜಿ ಹೇಳಿದಳು. ಅಪ್ಪ ಆಯಿತು ಎಂದರು. ಇಬ್ಬರೂ ಸೇರಿ ಮಣ್ಣು ಮಾಡಿದರು. ಎಲ್ಲಿ ಎಂದು ಯಾರಿಗೂ ಹೇಳಲಿಲ್ಲ.

ಅಮ್ಮ ಮನೆಗೆ ಬಂದವಳು ಮೊದಲು ಕೇಳಿದ್ದೇ ಅದನ್ನು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

'ಎಲ್ಲಿಟ್ರಿ ಅತ್ತೆ?'

'ದೇವರ ಹತ್ರ ಇದ್ದಾನೆ ಬಿಡು.'

'ದೇವರ ಹತ್ರ ಇರ್ಲಿ. ಮಣ್ಣು ಎಲ್ಲಿ ಮಾಡಿದ್ರಿ?'

'ಅದನ್ನೆಲ್ಲ ತಾಯಿ ಕೇಳ್ಬಾರ್ದು ಸಿಸಿಲಿ. ಎದ್ದು ಗಂಜಿ ಕುಡಿ.'

ಅಪ್ಪನನ್ನು ಕೇಳಿದಳು. ಅಪ್ಪ ಕಾವಿ ನೆಲ ನೋಡುತ್ತಾ ನಿಂತರು. ಎರಡನೇ ಸಲ ಕೇಳಿದಳು. ಅವರು ಹೊರಗೆ ಹೋಗಿ, ಹಿತ್ತಲಲ್ಲಿ ಅರ್ಧ ಮಾಡಿಬಿಟ್ಟಿದ್ದ ಕೆಲಸಕ್ಕೆ ಕೈಹಾಕಿದರು. ಹಳೇ ಕೋಳಿಗೂಡು ಮಳೆಗೆ ಒರಗಿತ್ತು, ಅದಕ್ಕೆ ಹೊಸದು ಕಟ್ಟುತ್ತಿದ್ದರು. ಅಡಿಗೆ ಕಲ್ಲುಚಪ್ಪಡಿ ಹಾಸಿ, ಅದರ ಮೇಲೆ ಸಿಲ್ವರ್ ಓಕಿನ ಹಲಗೆಯ ಗೂಡು. ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದ ಮನುಷ್ಯ, ಬೆರಳು ಜಜ್ಜಿಕೊಂಡು, ಮಳೆಯಲ್ಲಿ ನೆನೆದುಕೊಂಡು ಬಡಿಯುತ್ತಲೇ ಇದ್ದರು. ಹೆಂಡತಿ ಹಾಗೆ ಮಲಗಿರುವಾಗ ಇವರಿಗೆ ಕೋಳಿ ಚಿಂತೆ ಎಂದು ಗಿರಿಜಕ್ಕ ನನ್ನೆದುರೇ ಬೈದಳು. ನನಗೂ ಅಪ್ಪನ ಮೇಲೆ ಸಿಟ್ಟು ಬಂತು.

ಅವತ್ತಿಂದ ಅಮ್ಮ ಅವರಿಬ್ಬರ ಜೊತೆ ಮಾತು ಬಿಟ್ಟಳು. ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು. ಅಡಿಗೆ ಮಾಡುತ್ತಿದ್ದಳು, ತಟ್ಟೆಗೆ ಹಾಕಿ ಮಣೆಯ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದಳು, ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ಕೂತು ತಾನು ಉಣ್ಣುತ್ತಿದ್ದಳು. ಹೇಳಬೇಕಾದ್ದನ್ನೆಲ್ಲ ನನ್ನ ಕೈಯಲ್ಲಿ ಹೇಳಿಸುತ್ತಿದ್ದಳು. 'ಅಪ್ಪಂಗೆ ಉಪ್ಪು ಬೇಕಾ ಕೇಳು.' ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. ಮಳೆ ನಿಂತ ಮೇಲೆ ಮಧ್ಯಾಹ್ನ ಹೊತ್ತು ಸೌದೆಗೆ ಎಂದು ನನ್ನನ್ನು ಕರೆದುಕೊಂಡು ತೋಟಕ್ಕೆ ಹೋಗುತ್ತಿದ್ದಳು. ಸೌದೆ ತರುತ್ತಿದ್ದದ್ದು ಒಂದು ಹಿಡಿ. ಅವಳ ಕಣ್ಣು ನೆಲದ ಮೇಲೆ. ಮಣ್ಣು ಸ್ವಲ್ಪ ಉಬ್ಬಿದ್ದರೆ ಅಲ್ಲಿ ನಿಲ್ಲುತ್ತಿದ್ದಳು, ಕಲ್ಲು ಎರಡು ಜೋಡಿಸಿದ ಹಾಗಿದ್ದರೆ ಅಲ್ಲಿ ಕೂರುತ್ತಿದ್ದಳು, ಕೈಯಲ್ಲಿ ತರಗೆಲೆ ಸರಿಸಿ ನೋಡುತ್ತಿದ್ದಳು. ಗಿಡ ನೆಡಲು ಆಳುಗಳು ಗುಂಡಿ ತೆಗೆಯುತ್ತಿದ್ದರೆ ಹಾರೆ ಬಿದ್ದಾಗಲೆಲ್ಲ ಅವಳ ಭುಜ ಅದುರುತ್ತಿತ್ತು. ಏನು ಹುಡುಕುತ್ತೀಯಮ್ಮ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ನಾನೂ ಅವಳ ಪಕ್ಕ ಕೂತು ತರಗೆಲೆ ಸರಿಸುತ್ತಿದ್ದೆ.

ಹೀಗೆ ಮತ್ತೆ ತಪಸ್ಸಿನ ಕಾಲ ಬಂತು. ಮಡಕೆ ಅಟ್ಟ ಹತ್ತಿತು. ಅಮ್ಮ ದಿನಾ ಹೊಸ ಗೂಡಿಗೆ ಕೈಹಾಕಿ ಮೊಟ್ಟೆ ತೆಗೆದು ಹೊಟ್ಟಿನಲ್ಲಿ ಹೂಳುತ್ತಿದ್ದಳು. ಆದರೆ ಕಾವಿನ ಮೊಟ್ಟೆಗಳನ್ನು ಟಾರ್ಚಿಗೆ ಹಿಡಿಯಲಿಲ್ಲ. ನಾನೇ ಟಾರ್ಚು ತಂದುಕೊಟ್ಟರೆ, 'ಬೇಡ, ಮುಟ್ಬೇಡ, ಹೊರಗಿಂದ ನೋಡಿ ಎಂತ ಗೊತ್ತಾಗ್ತದೆ' ಎಂದು ಕಸಿದು ಒಳಗಿಟ್ಟಳು. ಪಾಸ್ಕಕ್ಕೆ ವಾರ ಮುಂಚಿನ ಗರಿಗಳ ಭಾನುವಾರ ಕಳೆದು ಒಂದು ಸಂಜೆ ಗುಡುಗು ಶುರುವಾಯಿತು. ನಮ್ಮ ಕಡೆ ಗುಡುಗಿದರೆ ಕಾವಿಗಿಟ್ಟ ಮೊಟ್ಟೆ ಕೆಡುತ್ತದೆ ಎಂದು ಕೋಳಿಯ ಅಡಿಗೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಾರೆ. ಅಮ್ಮ ತುಕ್ಕುಹಿಡಿದ ಕತ್ತಿಯ ತುಂಡು ಹಿಡಿದು ಮಳೆಯಲ್ಲೇ ಓಡಿದಳು. ಅದನ್ನು ಒಳಗಿಟ್ಟು, ಕೋಳಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಗುಡುಗು ನಿಲ್ಲುವವರೆಗೂ ಗೂಡಿನ ಮುಂದೆಯೇ ಕೂತಿದ್ದಳು. ಅಜ್ಜಿ ಅಡಿಗೆಮನೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಜಪಸರ ಹೇಳುತ್ತಿದ್ದಾಳೆ ಎಂದುಕೊಂಡೆ.

ಒಳಗೆ ಬಂದ ಅಮ್ಮ ತಲೆ ಒರೆಸಿಕೊಳ್ಳುತ್ತಾ ನನ್ನನ್ನು ಹತ್ತಿರ ಕರೆದಳು.

'ಶನಿವಾರ ಬಣ್ಣ ಹಾಕುವಾಗ ಅಜ್ಜಿ ಜೊತೆ ಕೂತ್ಕೊ. ಮೊದ್ಲು ಎಷ್ಟು ತೆಗೆದಿಡ್ತಾರೆ ನೋಡು.'

'ಒಂದೇ ಅಲ್ವಾ? ತಾತಂಗೆ?'

'ನೋಡು ಅಂದೆ.'

ಆಗ ನನಗೆ ಅರ್ಥವಾಯಿತು. ಅಮ್ಮ ಅಷ್ಟು ತಿಂಗಳು ತೋಟದಲ್ಲಿ ಹುಡುಕಿ ಸೋತು, ಈಗ ಅಜ್ಜಿಯ ಹಟವನ್ನೇ ಹಿಡಿದುಕೊಂಡಿದ್ದಳು. ಈ ಮುದುಕಿ ಯಾರ ಬಾಯಿಗೂ ಹೆದರುವವಳಲ್ಲ, ಆದರೆ ಸತ್ತವರ ಪಾಲು ತಪ್ಪಿಸುವವಳೂ ಅಲ್ಲ. ಮೊಟ್ಟೆ ಎರಡು ತೆಗೆದಿಟ್ಟರೆ, ಒಂದು ತಾತನಿಗೆ. ಇನ್ನೊಂದು ಎಲ್ಲಿಗೆ ಹೋಗುತ್ತದೋ ಅಲ್ಲಿ ಅವಳ ಮಗು ಇರುತ್ತದೆ.

ಶನಿವಾರ ನಾನು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತೆ. ಅಜ್ಜಿ ಶಿಲುಬೆ ಗುರುತು ಮಾಡಿಕೊಂಡು ಮೊದಲನೆಯದನ್ನು ಸುಣ್ಣದ ತಿಳಿಗೆ ಬಿಟ್ಟಳು. ಕೆಂಪಾಯಿತು. ಬಾಳೆಲೆಯ ಮೇಲೆ ಬೇರೆ ಇಟ್ಟಳು. ಆಮೇಲೆ ಬುಟ್ಟಿಯಲ್ಲಿ ಕೈಯಾಡಿಸಿ, ಇದ್ದದ್ದರಲ್ಲಿ ತೀರ ಸಣ್ಣದೊಂದನ್ನು, ಎಳೆ ಹೇಂಟೆ ಮೊದಲ ಸಲ ಇಟ್ಟಂಥದ್ದನ್ನು, ಆರಿಸಿ ತೆಗೆದಳು. ತಿಳಿಗೆ ಬಿಟ್ಟಳು. ಅದನ್ನೂ ಬಾಳೆಲೆಯ ಮೇಲಿಟ್ಟಳು. ನಾನು ತಲೆಯೆತ್ತಿ ನೋಡಿದೆ. ಅಮ್ಮ ಒಲೆಯ ಹತ್ತಿರ ನಿಂತಿದ್ದಳು. ನಾನು ಹೇಳುವುದೇನೂ ಉಳಿದಿರಲಿಲ್ಲ.

ಭಾನುವಾರ ಬೆಳಕು ಹರಿಯುವಾಗಲೇ ಎಲ್ಲರೂ ಹೊರಟೆವು. ಹಿಂದೆ ಬಿದ್ದಿದ್ದ ಮಳೆಗೆ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿತ್ತು, ಆ ವಾಸನೆಗೆ ತಲೆ ಭಾರವಾಗುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅಂಗಳ ಇಳಿಯುವಾಗ ಅಜ್ಜಿ ಹಿಂದೆ ನಿಂತಳು.

'ನೀವು ನಡೀರಿ. ನಾನು ಕೋಳಿ ಬಿಟ್ಟು, ಬಾಗ್ಲು ಹಾಕ್ಕಂಡು ಬರ್ತೀನಿ.'

ಅಮ್ಮ ಕಣದವರೆಗೆ ನಡೆದಳು. ಅಲ್ಲಿ ನಿಂತು, ಕೈಯಲ್ಲಿದ್ದ ಪ್ರಾರ್ಥನೆ ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ತಿರುಗಿದಳು. 'ಸಿಸಿಲಿ, ಪೂಜೆಗೆ ಹೊತ್ತಾಯ್ತು' ಎಂದರು ಅಪ್ಪ. ಅವಳು ಓಡುತ್ತಿದ್ದಳು. ನಾನೂ ಹಿಂದೆ ಓಡಿದೆ. ಮನೆ ಸುತ್ತು ಹಾಕಿ ಹಿತ್ತಲಿಗೆ ಬಂದರೆ ಕೋಳಿಗಳೆಲ್ಲ ಹೊರಗಿದ್ದವು. ಅಜ್ಜಿ ಹಬ್ಬದ ಬಿಳಿ ಸೀರೆಯಲ್ಲೇ ಮಣ್ಣಲ್ಲಿ ಮೊಣಕಾಲೂರಿದ್ದಳು. ಅವಳ ಕೈ ಗೂಡಿನ ಅಡಿಯ ಎರಡು ಚಪ್ಪಡಿಗಳ ನಡುವಿನ ಸಂದಿಯಲ್ಲಿತ್ತು.

ಅಜ್ಜಿ ತಿರುಗಿ ನೋಡಿದವಳು ಏಳಲೂ ಇಲ್ಲ, ಕೈ ತೆಗೆಯಲೂ ಇಲ್ಲ.

'ಇಲ್ಲೇನಾ ಅತ್ತೆ?'

'ತೋಟದಲ್ಲಿ ಹಂದಿ ಕಾಟ ಮಗಾ. ನರಿ ಬೇರೆ. ಕೆದಕಿಬಿಡ್ತವೆ. ಇಲ್ಲಾದ್ರೆ ಮೇಲೆ ಕಲ್ಲಿರ್ತದೆ, ಗೂಡಿರ್ತದೆ, ಮನೆಯವರ ಕಣ್ಣಿರ್ತದೆ ಅಂತ...'

'ನಂದೂ ಕಣ್ಣಲ್ವಾ?' ಅಮ್ಮನ ದನಿ ಒಡೆಯಿತು. 'ದಿನಾ ಇಲ್ಲಿ ನಿಂತು ಮೊಟ್ಟೆ ತೆಗ್ದೆ. ದಿನಾ! ಇಲ್ಲಿಂದ ಮೊಟ್ಟೆ ಒಳಗಿಟ್ಟು, ಆಮೇಲೆ ಅವನನ್ನ ಹುಡುಕೋಕೆ ತೋಟಕ್ಕೆ ಹೋಗ್ತಿದ್ದೆ. ನೀವು ಕಿಟಕೀಲಿ ನಿಂತು ನೋಡ್ತಿದ್ರಿ.'

'ಜಾಗ ಗೊತ್ತಾದ್ರೆ ತಾಯಿ ಅಲ್ಲೇ ಕೂತುಬಿಡ್ತಾಳೆ, ಮತ್ತೆ ಏಳಲ್ಲ ಅಂತ ನಮ್ಮಲ್ಲಿ ಹೇಳೋದಿಲ್ಲ. ನಂಗೂ ಹೇಳ್ಲಿಲ್ಲ.'

'ನಿಮ್ಗೂ ಅಂದ್ರೆ?'

ಅಜ್ಜಿ ಚಪ್ಪಡಿ ನೋಡುತ್ತಾ ಹೇಳಿದಳು. 'ನಿನ್ನ ಗಂಡ ಹುಟ್ಟೋಕೆ ಮುಂಚೆ ಎರಡು ಹೋದ್ವು. ನಮ್ಮತ್ತೆ ಎಲ್ಲಿಟ್ರೋ. ಕೇಳ್ದೆ, ಕೇಳ್ದೆ, ಆಮೇಲೆ ಬಿಟ್ಟೆ. ಇಷ್ಟು ವರ್ಷ ಅವಕ್ಕೆ ಒಂದು ಮೊಟ್ಟೆ ಇಡೋಕೆ ನಂಗೆ ಜಾಗ ಗೊತ್ತಿಲ್ಲ.'

'ಹಂಗಾದ್ರೆ ನಿಮ್ಗೆ ಗೊತ್ತಿತ್ತಲ್ಲ ಅತ್ತೆ, ಇದು ಹೆಂಗಿರ್ತದೆ ಅಂತ. ಗೊತ್ತಿದ್ದೂ ನಂಗೆ ಮಾಡಿದ್ರಲ್ಲ.'

ಯಾರಿಗೂ ಸೋಲದ ಆ ಮುದುಕಿ ಮೊಟ್ಟೆ ಹಿಡಿದ ಕೈಯನ್ನು ಸಂದಿಯಿಂದ ತೆಗೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಅಷ್ಟರಲ್ಲಿ ಬಂದು ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದರು. ಅಮ್ಮ ಅಷ್ಟು ತಿಂಗಳ ಮೇಲೆ ಮೊದಲ ಸಲ ನೇರವಾಗಿ ಅವರನ್ನು ನೋಡಿ ಮಾತಾಡಿದಳು.

'ನೀವು ನೋಡಿದ್ರಲ್ಲ. ಮುಖ ಹೆಂಗಿತ್ತು?'

ಅವರು ನೆಲ ನೋಡಲಿಲ್ಲ. 'ನಿನ್ನ ಹಂಗೇ ಇತ್ತು ಸಿಸಿಲಿ. ಹಣೆ ನಿಂದೇ. ತಲೆತುಂಬ ಕೂದ್ಲು. ಜೀಪಲ್ಲಿ ಬರುವಾಗ ಇಡೀ ದಾರಿ ಮಡಿಲಲ್ಲಿ ಇಟ್ಕೊಂಡಿದ್ದೆ. ಮಳೆ ಒಳಗೆ ಹೊಡೀತಿತ್ತು. ನೆನೀತಾನೇನೋ ಅಂತ ಶರ್ಟೊಳಗೆ ಹಾಕ್ಕೊಂಡೆ.' ಅಷ್ಟು ಹೇಳಿ ಅಪ್ಪ ಮಕ್ಕಳ ಹಾಗೆ ಜೋರಾಗಿ ಅತ್ತುಬಿಟ್ಟರು. ದೊಡ್ಡವರು ಹಾಗೆ ಅಳುವುದನ್ನು ನಾನು ಕಂಡದ್ದು ಅದೇ ಮೊದಲು, ನನಗೆ ಭಯವಾಯಿತು. ಅಮ್ಮ ಮುಂದೆ ಬಂದು, ಅಜ್ಜಿಯ ಕೈಯಿಂದ ಆ ಸಣ್ಣ ಮೊಟ್ಟೆಯನ್ನು ತೆಗೆದುಕೊಂಡಳು. 'ನಾನು ಇಡ್ತೀನಿ' ಎಂದು ಮಂಡಿಯೂರಿ, ಸಂದಿಯೊಳಗೆ ಮಣಿಕಟ್ಟಿನವರೆಗೆ ಕೈಹಾಕಿ, ಮಣ್ಣಿನ ಮೇಲೆ ಇಟ್ಟಳು. ಆ ಮೇಲೆ ತುಂಬ ಹೊತ್ತು ಕೈ ತೆಗೆಯಲಿಲ್ಲ. ನಾವು ಯಾರೂ ಪೂಜೆಗೆ ಹೋಗಲಿಲ್ಲ. ಪಾಸ್ಕದ ದಿನ ಪೂಜೆ ತಪ್ಪಿಸಿದ್ದು ಅಜ್ಜಿಯ ಜನ್ಮದಲ್ಲಿ ಅದೊಂದೇ ಸಲ.

ಮಧ್ಯಾಹ್ನ ಫಾದರ್ ತಾವೇ ಬಂದರು. ಹಬ್ಬದ ದಿನ ಪವಿತ್ರ ಜಲ ಚಿಮುಕಿಸಲು ಮನೆಮನೆಗೆ ಬರುವುದಿತ್ತು. ನಮ್ಮನ್ನು ಚರ್ಚಿನಲ್ಲಿ ಕಾಣದೆ ಮೊದಲು ನಮ್ಮಲ್ಲಿಗೇ ಬಂದಿದ್ದರು. ಅಮ್ಮ ಅವರನ್ನು ಒಳಗೆ ಕರೆಯಲಿಲ್ಲ, ನೇರ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಫಾದರ್ ಅಪ್ಪನ ಕಡೆ ತಿರುಗಿದರು.

'ಚರ್ಚಲ್ಲಿ ಜಾಗ ಕೊಡಲ್ಲ ಅಂತ ಯಾರು ಹೇಳಿದ್ರು ನಿಮಗೆ?'

'ಯಾರೂ ಹೇಳಿಲ್ಲ ಫಾದರ್. ಕೊಡಲ್ಲ ಅಂದ್ಕೊಂಡ್ವಿ.'

'ಒಂದ್ ಮಾತು ಕೇಳಿದ್ರೆ ನಾನೇ ಬಂದು ಎತ್ಕೊಂಡು ಹೋಗ್ತಿದ್ನಲ್ಲ ಮಾರಾಯ್ರೆ. ಒಂದ್ ಮಾತು.'

ಅಪ್ಪನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಯಾರನ್ನೂ ಕೇಳದೆ, ಯಾರಿಗೂ ತೊಂದರೆ ಕೊಡದೆ, ಆಯಿತು ಆಯಿತು ಎಂದು ಬಾಳಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೀಳಲಿಲ್ಲ. ನಾನು ಬಾಯಿಬಡುಕಿಯಾದದ್ದು, ಇಲ್ಲ ಎಂದು ಹೇಳಿಸಿಕೊಂಡರೂ ಪರವಾಗಿಲ್ಲ ಎಂದು ಆಫೀಸಾಗಲಿ ಆಸ್ಪತ್ರೆಯಾಗಲಿ ಹೋಗಿ ಕೇಳಿಯೇ ತೀರುವವಳಾದದ್ದು, ಆ ಹಿತ್ತಲಲ್ಲಿ. ಈಗಲೂ ಜಾಗ ಇದೆ, ಯಾವಾಗ ಬೇಕಾದರೂ ತನ್ನಿ ಎಂದರು ಫಾದರ್. ಅಮ್ಮ ಸದ್ಯಕ್ಕೆ ಬೇಡವೆಂದಳು. ಈಗಷ್ಟೇ ಸಿಕ್ಕಿದ್ದಾನೆ, ಸ್ವಲ್ಪ ದಿನ ಹತ್ತಿರ ಇರಲಿ ಎಂದಳು. ಕೆಲವು ವರ್ಷ ಕಳೆದು ಕಾಫಿಗೆ ಬೆಲೆ ಬಿದ್ದು, ಎಸ್ಟೇಟು ಕೈಬದಲಾಗಿ ನಾವು ಕ್ವಾರ್ಟರ್ಸ್ ಬಿಡಬೇಕಾದಾಗ, ಅವಳೇ ಚಪ್ಪಡಿ ಎತ್ತಿಸಿ, ಮಣ್ಣನ್ನು ಅದೇ ಹೊಟ್ಟಿನ ಬುಟ್ಟಿಯಲ್ಲಿ ತುಂಬಿಸಿಕೊಂಡು ಹೋದಳು. ತಮ್ಮ ಈಗ ತಾತನ ಪಕ್ಕ ಇದ್ದಾನೆ. ಅದು ಆಮೇಲಿನ ಮಾತು. ಅವತ್ತು ಫಾದರ್ ಚಪ್ಪಡಿಗೆ ಪವಿತ್ರ ಜಲ ಚಿಮುಕಿಸಿ, ಹೆಸರೇನು ಎಂದು ಕೇಳಿದರು. ಅಪ್ಪನೇ ಮುಂದೆ ಬಂದು, 'ಜೋಸೆಫ್ ಅಂತ ಕರೀತಿದ್ದೆ ಫಾದರ್, ಗೂಡು ಕಟ್ಟುವಾಗ' ಎಂದರು.

ತಾತನ ಮೊಟ್ಟೆಯನ್ನು ಅಪ್ಪ ಸಮಾಧಿಗೆ ಮುಟ್ಟಿಸಿ ಬಂದು, ನಾವು ಊಟಕ್ಕೆ ಕೂತಾಗ ಸಂಜೆಯಾಗಿತ್ತು. ಮಡಕೆ ಅಟ್ಟದಿಂದ ಇಳಿದಿರಲೇ ಇಲ್ಲ. ಅನ್ನ, ಸಾರು, ಕೆಂಪು ಮೊಟ್ಟೆ ಅಷ್ಟೇ ಹಬ್ಬದೂಟ. ಅಮ್ಮ ಎಲ್ಲರಿಗೂ ತಾನೇ ನಿಂತು ಬಡಿಸಿದಳು. ಅಪ್ಪನ ತಟ್ಟೆಗೆ ಉಪ್ಪನ್ನು ನನ್ನ ಕೈಯಲ್ಲಿ ಕೊಡಿಸಲಿಲ್ಲ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಜ್ಜಿಯ ಮೇಲಿನ ಅವಳ ಸಿಟ್ಟು ಅಜ್ಜಿ ಸಾಯುವವರೆಗೂ ಒಂದು ಮೂಲೆಯಲ್ಲಿ ಇತ್ತು, ಇರಬೇಕಾದದ್ದೇ. ಅಜ್ಜಿ ತಟ್ಟೆಯ ಮುಂದೆ ಕೂತು ತುತ್ತು ಎತ್ತಲಿಲ್ಲ. 'ನಂಗೆ ಬೇಡ, ನಾನು ಪೂಜೆ ಕೇಳಿಲ್ಲ' ಎಂದಳು. ಅಮ್ಮ ಬುಟ್ಟಿಯ ಹತ್ತಿರ ಹೋದಳು. ಒಂದೊಂದನ್ನೂ ತಿರುಗಿಸಿ ನೋಡಿ, ಸಣ್ಣವು, ಸರಿಯಾಗಿ ಬಣ್ಣ ಹಿಡಿದವು ಎರಡು ಆರಿಸಿದಳು. ಬಂದು ಅಜ್ಜಿಯ ಮಡಿಲಲ್ಲಿ ಇಟ್ಟಳು.

'ಇವು ನಿಮ್ಮವು ಅತ್ತೆ. ಎಲ್ಲಿಡೋದು ಅಂತ ಹುಡುಕ್ಬೇಡಿ. ಇಲ್ಲೇ ಇಡಿ, ಅವನ ಜೊತೆ.'

ಅಜ್ಜಿ ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಅಮ್ಮನ ಮುಖ ನೋಡಿದಳು. ಬೆಳಕಿನ್ನೂ ಇತ್ತು. ಅಮ್ಮ ಅವಳ ತೋಳು ಹಿಡಿದು ಎಬ್ಬಿಸಿ, ಹಿತ್ತಲ ಬಾಗಿಲಿನ ಮೆಟ್ಟಿಲು ಇಳಿಸಿದಳು. ನಾವು ತಟ್ಟೆಯ ಮುಂದೆಯೇ ಕಾದು ಕೂತೆವು. ಸತ್ತವರ ಪಾಲು ಇನ್ನೂ ಮುಗಿದಿರಲಿಲ್ಲ.